ಲ್ಯಾಂಡಿಂಗ್‌ಗೆ ಮುಂಚೆ ಫ್ಲ್ಯಾಪ್ ಲಾಕ್ ಆದಾಗ ನಾವು ಮಾಡಿದ್ದು

ನಾನು ಪೈಲಟ್, ಕೋಲಾರದ ಕಡೆ ನೆಂಟರ ಮದುವೆಗೆ ಹೋದ್ರೆ ಸಾಕು, "ಮೇಲೆ ಏನಾದ್ರೂ ಕೆಟ್ಟೋದ್ರೆ ಏನ್ ಮಾಡ್ತೀಯಪ್ಪಾ" ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ನಾನು "ಚೆಕ್‌ಲಿಸ್ಟ್ ತೆಗೆದು ಓದ್ತೀನಿ ಮಾಮ" ಅಂದ್ರೆ ತಮಾಷೆ ಅಂದ್ಕೋತಾರೆ. ನಿಜವಾಗ್ಲೂ ಓದೋದು, ಲೆಕ್ಕ ಹಾಕೋದೇ ಕೆಲಸ.

ಕೋಲ್ಕತ್ತಾದಿಂದ ರಾತ್ರಿ ಬರ್ತಿದ್ವಿ. ಪಶ್ಚಿಮಕ್ಕೆ ಮುಖ ಮಾಡಿ ಇಳಿಯೋ ದಿನ ಅಪ್ರೋಚ್, ಅಂದ್ರೆ ರನ್‌ವೇ ಕಡೆ ಇಳಿದು ಬರೋ ದಾರಿ, ನಮ್ಮೂರ ಕಡೆಯಿಂದಾನೇ, ಸೂಲಿಬೆಲೆ ಹತ್ರ ಹಾದು ದೇವನಹಳ್ಳಿಗೆ. ಫ್ಲ್ಯಾಪ್ ಅಂದ್ರೆ ನಿಧಾನವಾಗಿ ಇಳಿಯೋಕೆ ರೆಕ್ಕೆ ಹಿಂದಿನಿಂದ ಹಂತ ಹಂತವಾಗಿ ಹೊರಗೆ ಬರೋ ಹಲಗೆ. ಒಂದನೇ ಹಂತ ಸರಿಯಾಗೇ ಬಂತು, ಎರಡನೇದಕ್ಕೆ ಲಿವರ್ ಹಾಕಿದ್ವಿ, ಟಿಂಗ್ ಅಂತು, ಸ್ಕ್ರೀನ್ ಮೇಲೆ ಫ್ಲ್ಯಾಪ್ಸ್ ಲಾಕ್ಡ್. ಹೊರಗೂ ಬರಲ್ಲ, ಒಳಗೂ ಹೋಗಲ್ಲ.

ಲಾಕ್ ಆಗೋದು ಬೇಕಂತಲೇ ಮಾಡಿರೋ ವ್ಯವಸ್ಥೆ. ಎಡಗಡೇದು ಇಳಿದು ಬಲಗಡೇದು ಇಳೀದೇ ಇದ್ರೆ ವಿಮಾನ ಒಂದು ಪಕ್ಕಕ್ಕೆ ಹೊರಳತ್ತೆ, ಅದಕ್ಕೆ ವ್ಯತ್ಯಾಸ ಕಂಡ ತಕ್ಷಣ ರೆಕ್ಕೆ ತುದಿ ಹತ್ರ ಇರೋ ಬ್ರೇಕ್ ಎರಡೂ ಕಡೆ ಇದ್ದಲ್ಲೇ ಹಿಡಿದುಬಿಡತ್ತೆ, ಅದನ್ನ ಬಿಡಿಸೋದು ನೆಲದ ಮೇಲೆ ಇಂಜಿನಿಯರ್‌ಗಳು ಮಾತ್ರ. ಲಿವರ್ ಎಳೆದಾಡಿ ಪ್ರಯೋಜನ ಇಲ್ಲ.

ಫಸ್ಟ್ ಆಫೀಸರ್‌ಗೆ, ಅಂದ್ರೆ ಕೋ ಪೈಲಟ್‌ಗೆ, "ನೀವು ಹಾರಿಸಿ, ನಾನು ಓದ್ತೀನಿ" ಅಂದೆ. ಕ್ಯಾಪ್ಟನ್ನೇ ಹಾರಿಸ್ಬೇಕು ಅನ್ನೋರಿದಾರೆ, ನನಗೆ ಒಪ್ಪಿಗೆ ಇಲ್ಲ, ಕೈ ಖಾಲಿ ಇದ್ರೆ ತಲೆ ಓಡತ್ತೆ. ರೇಡಿಯೋದಲ್ಲಿ ಪ್ಯಾನ್ ಪ್ಯಾನ್ (ತುರ್ತು ಇದೆ, ಆದ್ರೆ ತಕ್ಷಣ ಪ್ರಾಣಾಪಾಯ ಇಲ್ಲ ಅಂತ) ಮೂರು ಸಲ ಹೇಳಿ, ಅಪ್ರೋಚ್ ಬಿಟ್ಟು ಹೋಲ್ಡಿಂಗ್, ಅಂದ್ರೆ ಮೇಲೇ ಸುತ್ತು ಹಾಕ್ತಾ ಕಾಯೋ ಜಾಗ ಕೇಳಿದ್ವಿ, ಕೋಲಾರದ ಕಡೆಗೇ ಕೊಟ್ರು.

ಆಮೇಲೆ ಇಂಧನದ ಲೆಕ್ಕ. ಬೆಂಗಳೂರಲ್ಲಿ ಇಳಿಯೋಕಾಗ್ದೇ ಇದ್ರೆ ಹೋಗೋ ಏರ್‌ಪೋರ್ಟ್, ಅಂದ್ರೆ ನಮ್ಮ ಆಲ್ಟರ್ನೇಟ್ ಚೆನ್ನೈ, ಆದ್ರೆ ಆ ಲೆಕ್ಕ ಹಾಕಿರೋದು ಫ್ಲ್ಯಾಪ್ ಪೂರ್ತಿ ಒಳಗಿದ್ದಾಗಿನ ಖರ್ಚಿಗೆ, ಈಗ ಅದು ಹೊರಗೇ ನೇತಾಡ್ತಿದೆ, ಗಾಳಿ ತಡೆ ಜಾಸ್ತಿ, ಸ್ಪೀಡೂ ಏರಿಸೋ ಹಾಗಿಲ್ಲ, ಹಾಗಾಗಿ ಅಷ್ಟು ದೂರ ಹೋದ್ರೆ ಟ್ಯಾಂಕಲ್ಲಿ ಏನೂ ಉಳಿಯಲ್ಲ. ಬೆಂಗಳೂರೇ ಗತಿ. ಅದೇನು ಕೆಟ್ಟ ಗತಿ ಅಲ್ಲ, ಎರಡು ರನ್‌ವೇ ಇದೆ, ಒಂದೊಂದೂ 4000 ಮೀಟರ್.

ಅಷ್ಟು ಉದ್ದ ಯಾಕೆ ಬೇಕು ಅಂದ್ರೆ, ಫ್ಲ್ಯಾಪ್ ಕಮ್ಮಿ ಇದ್ರೆ ಜೋರಾಗಿ ಬರ್ಬೇಕು, ಅದ್ರ ಮೇಲೆ ನಮ್ಮ ಏರ್‌ಪೋರ್ಟ್ ಸಮುದ್ರ ಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರ, ಗಾಳಿ ತೆಳು, ಮೀಟರ್ ತೋರಿಸೋ ಸ್ಪೀಡ್ ಚೆನ್ನೈಲಿರೋಷ್ಟೇ ಇದ್ರೂ ಇಲ್ಲಿ ಚಕ್ರ ನೆಲ ಮುಟ್ಟೋದು ಇನ್ನೂ ಜೋರಾಗಿ. ಟ್ಯಾಬ್ಲೆಟ್‌ನಲ್ಲಿ ಇಬ್ರೂ ಬೇರೆ ಬೇರೆ ಲೆಕ್ಕ ಹಾಕಿ ತಾಳೆ ನೋಡಿದ್ವಿ. ಗೋ ಅರೌಂಡ್ ಬಂದ್ರೆ, ಅಂದ್ರೆ ಇಳಿಯದೇ ಮತ್ತೆ ಮೇಲಕ್ಕೆ ಹೋಗ್ಬೇಕಾದ್ರೆ, ಎಷ್ಟು ಸ್ಪೀಡ್ ದಾಟಬಾರದು ಅನ್ನೋದನ್ನೂ ಜೋರಾಗಿ ಹೇಳ್ಕೊಂಡ್ವಿ, ಯಾಕಂದ್ರೆ ಗಡಿಬಿಡೀಲಿ ಕೈ ಅಭ್ಯಾಸಬಲದಿಂದ ಫ್ಲ್ಯಾಪ್ ಲಿವರ್ ಕಡೆ ಹೋಗತ್ತೆ, ಫ್ಲ್ಯಾಪ್ ಒಳಗೆ ಹೋಯ್ತು ಅಂದ್ಕೊಂಡು ಸ್ಪೀಡ್ ಏರಿಸಿಬಿಡ್ತೀವಿ. ನೆಲ ಹತ್ರ ಬಂದಾಗ "ಟೂ ಲೋ, ಫ್ಲ್ಯಾಪ್ಸ್" ಅಂತ ಕೂಗೋ ವಾರ್ನಿಂಗ್ ಇದೆಯಲ್ಲ, ಅದರ ಫ್ಲ್ಯಾಪ್ ಮೋಡ್ ಮಾತ್ರ ಚೆಕ್‌ಲಿಸ್ಟ್ ಪ್ರಕಾರ ಆಫ್.

ಕ್ಯಾಬಿನ್ ಕ್ರೂಗೆ ಏನಾಗಿದೆ, ಏನ್ ಮಾಡ್ತೀವಿ, ಎಷ್ಟು ಹೊತ್ತು, ಅಷ್ಟೇ ಹೇಳಿದ್ದು. ಪ್ಯಾಸೆಂಜರ್‌ಗಳಿಗೆ ಇಂಗ್ಲಿಷ್, ಹಿಂದಿ ಆದ್ಮೇಲೆ ಕನ್ನಡದಲ್ಲೂ ಹೇಳಿದೆ, ಫೈರ್ ಗಾಡಿ ಲೈಟ್ ಕಂಡ್ರೆ ಗಾಬರಿ ಆಗ್ಬೇಡಿ, ನಾವೇ ಕರೆಸಿರೋದು ಅಂತ. ಇದನ್ನ ಹೇಳ್ಲೇಬೇಕು, ಇಲ್ಲಾಂದ್ರೆ ಕಿಟಕಿ ಪಕ್ಕದವ್ರು ವಿಡಿಯೋ ಮಾಡಿ ಮನೆಗೆ ಕಳಿಸಿಬಿಡ್ತಾರೆ.

ಇಳಿಸೋದನ್ನ ನಾನೇ ತಗೊಂಡೆ. ಮೂಗು ಮಾಮೂಲಿಗಿಂತ ಮೇಲಿತ್ತು, ಇಂಥಾಗ ಮೆತ್ತಗೆ ಇಳಿಸೋಕೆ ಅಂತ ಇನ್ನೂ ಎತ್ತಿದ್ರೆ ಬಾಲ ತಾಗೋ ಅಪಾಯ ಇದೆ, ಅದಕ್ಕೆ ದಡ್ ಅಂತಲೇ ಇಳಿಸಿದೆ. ರಿವರ್ಸ್, ಬ್ರೇಕ್, ನಿಂತ ಮೇಲೂ ಮುಂದೆ ರನ್‌ವೇ ಸಾಕಷ್ಟಿತ್ತು.

ಬ್ರೇಕ್ ಕಾದಿತ್ತು. ಅತಿಯಾಗಿ ಕಾದ್ರೆ ಟೈರ್ ಸಿಡಿಯೋಕ್ ಮುಂಚೆ ಚಕ್ರದಲ್ಲಿರೋ ಒಂದು ಪ್ಲಗ್ ಕರಗಿ ಗಾಳಿ ಬಿಟ್ಟುಬಿಡತ್ತೆ, ಅಲ್ಲಿವರೆಗೆ ಹೋಗ್ಲಿಲ್ಲ. ಫೈರ್‌ನವ್ರು ಸುತ್ತ ನೋಡಿ ಹೊಗೆ ಇಲ್ಲ ಅಂದ್ಮೇಲೆ ಮೆಲ್ಲಗೆ ವಿಮಾನ ನಿಲ್ಲಿಸೋ ಜಾಗಕ್ಕೆ ಹೋದ್ವಿ. ವಿಮಾನದ ದೋಷ ಬರೆಯೋ ಪುಸ್ತಕ ಟೆಕ್ ಲಾಗಲ್ಲಿ ಫ್ಲ್ಯಾಪ್ ಯಾವ ಸ್ಪೀಡಲ್ಲಿ, ಲಿವರ್ ಎಲ್ಲಿದ್ದಾಗ ನಿಂತಿತು ಅಂತ ಬರೆದು ಇಂಜಿನಿಯರ್‌ಗೆ ಕೊಟ್ಟೆ, ಅವ್ರು ಓದ್ಕೊಂಡು ಟಾರ್ಚ್ ಹಿಡಿದು ರೆಕ್ಕೆ ಕೆಳಗೆ ಹೋದ್ರು, ಆ ವಿಮಾನದ ಮುಂದಿನ ಟ್ರಿಪ್ ಕ್ಯಾನ್ಸಲ್ ಆಯ್ತು.