ಬೆಕ್ಕು ಊಟ ಬಿಟ್ಟಾಗ ಬೇಬಿ ಫುಡ್: ಹೊಸದಾಗಿ ಬಂದವರಿಗೆ

ಹೊಸ ದೇಶಕ್ಕೆ ಬಂದು, ಮನೆ ಖಾಲಿ ಖಾಲಿ ಅನ್ನಿಸಿ ಒಂದು ಬೆಕ್ಕನ್ನು ತಂದುಕೊಂಡವರು ನಮ್ಮಲ್ಲಿ ತುಂಬ ಜನ ಇದ್ದಾರೆ. ಅವರಿಂದ ನನಗೆ ಜಾಸ್ತಿ ಬರುವ ಫೋನ್ ಇದು: "ಅಕ್ಕಾ, ಬೆಕ್ಕು ನಿನ್ನೆಯಿಂದ ಏನೂ ಮುಟ್ಟಿಲ್ಲ. ಏನ್ ಮಾಡ್ಲಿ?"

ನಾನು ಮೊದಲು ಕೇಳುವುದು, ಕೊನೆಯ ಸಲ ಸರಿಯಾಗಿ ತಿಂದದ್ದು ಯಾವಾಗ ಅಂತ. ಎಷ್ಟು ಗಂಟೆ ಆಯಿತು ಅನ್ನುವುದನ್ನು ಲೆಕ್ಕ ಹಾಕಿ. ಹಸಿವಾದರೆ ತಾನೇ ತಿನ್ನುತ್ತದೆ ಅಂತ ನಾನೂ ಒಮ್ಮೆ ಎರಡು ದಿನ ಕಾದಿದ್ದೆ. ಬೆಕ್ಕಿನ ವಿಷಯದಲ್ಲಿ ಆ ಮಾತು ನಿಜವಲ್ಲ. ಊಟ ನಿಂತರೆ ಅದರ ಮೈ ತನ್ನಲ್ಲಿರುವ ಕೊಬ್ಬನ್ನು ಕರಗಿಸಿ ಲಿವರ್‌ಗೆ ಕಳಿಸುತ್ತದೆ. ಅಷ್ಟನ್ನು ಬೆಕ್ಕಿನ ಲಿವರ್ ನಿಭಾಯಿಸಲಾರದು. ಕೊಬ್ಬು ಅಲ್ಲೇ ಕೂತು ಲಿವರ್ ಕೆಡಲು ಶುರುವಾಗುತ್ತದೆ. ಇದಕ್ಕೆ ಕೆಲವೇ ದಿನ ಸಾಕು. ಮೈ ತುಂಬಿಕೊಂಡಿರುವ ಬೆಕ್ಕಿಗೇ ಈ ಅಪಾಯ ಹೆಚ್ಚು, ಆದ್ದರಿಂದ "ದಪ್ಪಗಿದೆ, ಎರಡು ದಿನ ತಿನ್ನದಿದ್ದರೆ ಏನೂ ಆಗಲ್ಲ" ಅಂದುಕೊಳ್ಳಬೇಡಿ. ದೊಡ್ಡ ಬೆಕ್ಕು 24 ಗಂಟೆ ಏನೂ ತಿನ್ನದಿದ್ದರೆ ವೆಟ್‌ಗೆ, ಅಂದರೆ ಪ್ರಾಣಿಗಳ ಡಾಕ್ಟರಿಗೆ, ಫೋನ್ ಮಾಡಿ. ಮರಿಯಾದರೆ ಅಷ್ಟು ಹೊತ್ತೂ ಕಾಯಬೇಡಿ.

ಕೆಲವು ಸಂದರ್ಭದಲ್ಲಿ ಬೇಬಿ ಫುಡ್ಡಿನ ಮಾತೇ ಬೇಡ, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಗಂಡು ಬೆಕ್ಕು ಮೂತ್ರಕ್ಕೆ ಕೂತು ತಿಣುಕುತ್ತಿದೆ, ಏನೂ ಬರುತ್ತಿಲ್ಲ. ಬಾಯಿ ತೆರೆದು ಉಸಿರಾಡುತ್ತಿದೆ. ಮತ್ತೆ ಮತ್ತೆ ವಾಂತಿ ಆಗುತ್ತಿದೆ. ವಸಡು, ಕಿವಿಯ ಒಳಭಾಗ ಹಳದಿಯಾಗಿದೆ. ಯಾರೋ ಕೊಟ್ಟ ಹೂಗುಚ್ಛದ ಲಿಲ್ಲಿಯನ್ನು ಕಚ್ಚಿದೆ. ಇಂಥದ್ದರಲ್ಲಿ ರಾತ್ರಿಯಾದರೂ ಸರಿ, ಹೊರಡಿ. ರಾತ್ರಿ ತೆರೆದಿರುವ ಪ್ರಾಣಿ ಆಸ್ಪತ್ರೆ ಯಾವುದು ಅಂತ ಬೆಕ್ಕು ಆರೋಗ್ಯವಾಗಿರುವಾಗಲೇ ಹುಡುಕಿ, ನಂಬರನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಡಿ. ಹೊಸ ಊರಿನಲ್ಲಿ ಆ ಗಾಬರಿಯಲ್ಲಿ ಹುಡುಕುವುದು ತುಂಬ ಕಷ್ಟ.

ಈಗ ಬೇಬಿ ಫುಡ್ ವಿಷಯ. ಮಕ್ಕಳ ಆಹಾರದ ಸಾಲಿನಲ್ಲಿ ಬರೀ ಮಾಂಸವನ್ನು ನುಣ್ಣಗೆ ಅರೆದು ತುಂಬಿದ ಸಣ್ಣ ಬಾಟಲಿಗಳು ಸಿಗುತ್ತವೆ. ಕೋಳಿಯದು, ಟರ್ಕಿಯದು ಸಾಮಾನ್ಯ. ಮೆತ್ತಗಿರುತ್ತದೆ, ಅಗಿಯುವ ಕೆಲಸವಿಲ್ಲ, ವಾಸನೆ ಬೆಕ್ಕಿಗೆ ಹಿಡಿಸುತ್ತದೆ. ಹಲ್ಲುನೋವು, ಬಾಯಿಹುಣ್ಣು ಇರುವ ಬೆಕ್ಕೂ ನೆಕ್ಕಬಹುದು. ಮಾಂಸ ಮುಟ್ಟಿ ಅಭ್ಯಾಸವಿಲ್ಲದವರೂ ಸುಲಭವಾಗಿ ಕೊಡಬಹುದು.

ಕೊಳ್ಳುವ ಮುಂಚೆ ಲೇಬಲ್ಲನ್ನು ಪೂರ್ತಿ ಓದಬೇಕು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಅವು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ವಿಷ ಹೋಗುವುದಿಲ್ಲ. ಒಣಗಿಸಿ ಪುಡಿ ಮಾಡಿದ್ದು ಇನ್ನೂ ಅಪಾಯ, ಚಿಟಿಕೆಯಲ್ಲೇ ಬೇಕಾದಷ್ಟು ಸೇರಿರುತ್ತದೆ. ತಿಂದ ದಿನ ಏನೂ ಕಾಣದೆ, ಕೆಲವು ದಿನ ಕಳೆದ ಮೇಲೆ ಬೆಕ್ಕು ಬಾಡಿ, ವಸಡು ಬಿಳಚಿಕೊಂಡಾಗ ಗೊತ್ತಾಗುವುದೂ ಉಂಟು. ಹೊಸಬರಿಗೆ ಇಲ್ಲೊಂದು ತೊಡಕಿದೆ. ಲೇಬಲ್ ನಮಗೆ ಬಾರದ ಭಾಷೆಯಲ್ಲಿರಬಹುದು. ಈರುಳ್ಳಿ, ಬೆಳ್ಳುಳ್ಳಿ, ಅವುಗಳ ಜಾತಿಗೇ ಸೇರಿದ ಲೀಕ್ ಮತ್ತು ಚೈವ್, ಈ ನಾಲ್ಕಕ್ಕೆ ಅಲ್ಲಿನ ಭಾಷೆಯಲ್ಲಿ ಏನಂತಾರೆ ಅಂತ ಬರೆದುಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ. ಬರೀ "ಮಸಾಲೆ" ಅಂತ ಬರೆದು ಬಿಟ್ಟಿದ್ದರೂ ನಾನು ಆ ಬಾಟಲಿ ತರುವುದಿಲ್ಲ. ಅದರೊಳಗೆ ಏನಿದೆ ಅಂತ ಯಾರು ಹೇಳಬೇಕು? ಮಾಂಸ, ನೀರು, ಹೆಚ್ಚೆಂದರೆ ಮಂದ ಮಾಡಲು ಸ್ವಲ್ಪ ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ಹಿಟ್ಟು). ಅಷ್ಟಿದ್ದರೆ ಸರಿ. ತರಕಾರಿ, ಅನ್ನ, ನೂಡಲ್ಸ್ ಬೆರೆಸಿದ "ಡಿನ್ನರ್" ಬಾಟಲಿಗಳು ಬೇಡ. ಒಂದೇ ಕಂಪನಿಯ ಎರಡು ಬಾಟಲಿಗಳಲ್ಲೂ ವ್ಯತ್ಯಾಸ ಇರುತ್ತದೆ, ಪ್ರತಿ ಸಲವೂ ಓದಿ.

ತಂದದ್ದನ್ನು ಹಾಗೇ ತಣ್ಣಗೆ ಇಟ್ಟರೆ ಬೆಕ್ಕು ತಿರುಗಿಯೂ ನೋಡದು. ಅದು ಊಟವನ್ನು ಆರಿಸುವುದು ಮೂಗಿನಿಂದ. ನೆಗಡಿಯಾಗಿ ಮೂಗು ಕಟ್ಟಿದ ಬೆಕ್ಕು ಊಟ ಬಿಡುವುದು ಅದಕ್ಕೇ. ಮೊದಲು ಒದ್ದೆ ಬಟ್ಟೆಯಿಂದ ಮೂಗು ಒರೆಸಿ. ಬೇಕಾದಷ್ಟನ್ನು ಮಾತ್ರ ಒಂದು ಬಟ್ಟಲಿಗೆ ತೆಗೆದು, ಆ ಬಟ್ಟಲನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಡಿ. ನಮ್ಮ ಮೈಯಷ್ಟು ಬೆಚ್ಚಗಾದರೆ ಸಾಕು. ಮೈಕ್ರೋವೇವ್‌ನಲ್ಲಿ ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಸುಡುವಷ್ಟು ಬಿಸಿ ಆಗುತ್ತದೆ. ಅದನ್ನೇ ಬಳಸಬೇಕಾದರೆ ಚೆನ್ನಾಗಿ ಕಲಕಿ, ಬೆರಳಿಟ್ಟು ನೋಡಿಯೇ ಕೊಡಿ.

ಅಗಲವಾದ ತಟ್ಟೆಯಲ್ಲಿ ಒಂದು ಚಮಚದಷ್ಟು ಹಾಕಿ, ಸದ್ದಿಲ್ಲದ ಜಾಗದಲ್ಲಿಡಿ. ತಿನ್ನದಿದ್ದರೆ ಬೆರಳಿಗೆ ಹಚ್ಚಿ ಮೂಗಿನ ಹತ್ತಿರ ಹಿಡಿಯಿರಿ. ಅದಕ್ಕೂ ಒಲ್ಲೆ ಅಂದರೆ ಮುಂಗಾಲಿಗೆ ಒಂದಿಷ್ಟು ಸವರಿ. ಕಾಲು ಕೊಳೆಯಾದರೆ ಬೆಕ್ಕು ಸುಮ್ನೆ ಇರುವುದಿಲ್ಲ, ನೆಕ್ಕುತ್ತದೆ. ರುಚಿ ಹತ್ತಿದರೆ ಮುಂದಿನದು ಸುಲಭ. ನಮ್ಮ ಚುಕ್ಕಿ ಎರಡು ದಿನದ ಉಪವಾಸದ ನಂತರ ಮೊದಲು ನೆಕ್ಕಿದ್ದು ತನ್ನ ಕಾಲನ್ನೇ. ಆಮೇಲೆ ನನ್ನ ಬೆರಳು. ಆವತ್ತು ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ.

ತುಟಿ ನೆಕ್ಕಿಕೊಳ್ಳುವುದು, ಜೊಲ್ಲು ಸುರಿಸುವುದು, ತಟ್ಟೆ ಕಂಡರೆ ಮುಖ ತಿರುಗಿಸುವುದು ಓಕರಿಕೆಯ ಗುರುತು. ಆಗ ಒತ್ತಾಯ ಮಾಡಬೇಡಿ. ಹೊಟ್ಟೆ ತೊಳಸುವಾಗ ಬಾಯಿಗೆ ತುರುಕಿದ ಆಹಾರವನ್ನು ಬೆಕ್ಕು ಆಮೇಲೂ ದ್ವೇಷಿಸುತ್ತದೆ. ಓಕರಿಕೆ ನಿಲ್ಲಿಸಲು, ಹಸಿವು ಹೆಚ್ಚಿಸಲು ವೆಟ್ ಹತ್ತಿರ ಔಷಧಿ ಇದೆ. ಮಿರ್ಟಾಜಪಿನ್ ಅನ್ನುವುದನ್ನು ಕಿವಿಯ ಒಳಬದಿಗೆ ಹಚ್ಚುವ ಮುಲಾಮಿನ ರೂಪದಲ್ಲೂ ಕೊಡುತ್ತಾರೆ. ಮನೆಯಲ್ಲಿರುವ ನಮ್ಮ ಮಾತ್ರೆ ಮಾತ್ರ ಖಂಡಿತ ಬೇಡ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು.

ಸಿರಿಂಜಿನಲ್ಲಿ ತಿನ್ನಿಸಲು ವೆಟ್ ಹೇಳಿದರೆ, ಹೇಗೆ ಅಂತ ಅವರಿಂದಲೇ ಒಮ್ಮೆ ಮಾಡಿಸಿ ನೋಡಿ. ಸೂಜಿ ಇಲ್ಲದ ಸಿರಿಂಜ್ ಬೇಕು. ಬೇಬಿ ಫುಡ್ಡಿಗೆ ಬೆಚ್ಚನೆಯ ನೀರು ಸೇರಿಸಿ ತೆಳ್ಳಗೆ ಮಾಡಿ. ಬೆಕ್ಕು ಹೊಟ್ಟೆ ನೆಲಕ್ಕೆ ತಾಗುವಂತೆ ಕೂತಿರಲಿ, ಅಂಗಾತ ಮಲಗಿಸಬೇಡಿ. ಕೆನ್ನೆಯ ಪಕ್ಕದಿಂದ ಒಂದು ಮಿಲಿಲೀಟರ್‌ಗಿಂತ ಕಡಿಮೆ ಹಾಕಿ, ನುಂಗುವವರೆಗೆ ಕಾಯಿರಿ. ನೇರವಾಗಿ ಗಂಟಲಿಗೆ ಚಿಮ್ಮಿದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು.

ಎಷ್ಟು ಬೇಕು? ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ. ನಿಮ್ಮ ಬಾಟಲಿಯಲ್ಲಿ ಎಷ್ಟಿದೆ ಅಂತ ಲೇಬಲ್ಲಿನಲ್ಲಿ ನೋಡಿ ಲೆಕ್ಕ ಹಾಕಿ. ನಾಲ್ಕು ನೆಕ್ಕು ನೆಕ್ಕಿದ್ದನ್ನು ಊಟ ಅಂತ ಬರೆದುಕೊಳ್ಳಬೇಡಿ. ಆ ಸಮಾಧಾನದಲ್ಲೇ ನಾವು ಇನ್ನೊಂದು ದಿನ ಕಳೆದುಬಿಡುತ್ತೇವೆ, ಅಲ್ವಾ?

ತೆರೆದ ಬಾಟಲಿ ಫ್ರಿಜ್‌ನಲ್ಲಿರಲಿ, ಮರುದಿನದೊಳಗೆ ಮುಗಿಸಿ. ಬೆಕ್ಕು ನೆಕ್ಕಿದ ಚಮಚವನ್ನು ಮತ್ತೆ ಬಾಟಲಿಗೆ ಅದ್ದಬೇಡಿ. ತಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲಿ.

ಎರಡು ಮೂರು ದಿನಕ್ಕಿಂತ ಜಾಸ್ತಿ ಬರೀ ಇದರ ಮೇಲೆ ಬೆಕ್ಕನ್ನು ಇಡಬಾರದು. ಬೆಕ್ಕಿಗೆ ಬೇಕಾದಷ್ಟು ಕ್ಯಾಲ್ಸಿಯಂ ಇದರಲ್ಲಿಲ್ಲ, ಟಾರಿನ್ ಅನ್ನುವ ಪೋಷಕಾಂಶ ಕೂಡ ಸಾಲದು. ಟಾರಿನ್ ಕಮ್ಮಿಯಾದರೆ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಅಂತ 1987ರಲ್ಲಿ ಗೊತ್ತಾಯಿತು. ಆಮೇಲೆ ಕಂಪನಿಗಳು ಬೆಕ್ಕಿನ ಆಹಾರಕ್ಕೆ ಅದನ್ನು ಹೆಚ್ಚಾಗಿ ಸೇರಿಸತೊಡಗಿದವು. ಮಗುವಿಗೆ ಅಂತ ಮಾಡಿದ ಬಾಟಲಿಯಲ್ಲಿ ಆ ಲೆಕ್ಕ ಇರುವುದಿಲ್ಲ. ಕಿಡ್ನಿ ತೊಂದರೆ ಇರುವ ಬೆಕ್ಕಿಗೆ ಕೊಡುವ ಮುಂಚೆ ವೆಟ್ಟನ್ನು ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವ ಬೆಕ್ಕು ಊಟ ಬಿಟ್ಟಿದ್ದರೆ, ಸೂಜಿ ಚುಚ್ಚುವ ಮೊದಲೇ ಅವರಿಗೆ ಫೋನ್ ಮಾಡಿ.

ಕಾಯಿಲೆ ಇಲ್ಲದೆ ಬರೀ ಹಟ ಮಾಡುವ ಬೆಕ್ಕಿಗೆ ನಾನು ಬಟ್ಟಲುಗಟ್ಟಲೆ ಕೊಡುವುದಿಲ್ಲ. ಅದರ ಎಂದಿನ ಊಟದ ಮೇಲೆ ಅರ್ಧ ಚಮಚ ಸವರುತ್ತೇನೆ, ದಿನ ದಿನ ಕಡಿಮೆ ಮಾಡುತ್ತೇನೆ. ಮಾತ್ರೆ ನುಂಗಿಸಲೂ ಇದು ಒಳ್ಳೆಯದು. ಚುಕ್ಕಿಗೂ ಹಾಗೇ ದಿನ ದಿನ ಕಡಿಮೆ ಮಾಡಿದೆ. ಮೂರನೇ ದಿನ ಅದರ ಹಳೆಯ ಊಟಕ್ಕೆ ಕಾಲುಭಾಗ ಬೇಬಿ ಫುಡ್ ಬೆರೆಸಿದೆ, ಐದನೇ ದಿನ ಚಮಚದ ತುದಿಯಷ್ಟು. ವಾರ ತುಂಬುವಷ್ಟರಲ್ಲಿ ಅದಿಲ್ಲದೆಯೂ ತಟ್ಟೆ ಖಾಲಿಯಾಗಿತ್ತು.