ಎಬ್ಬಿಸಿದರೂ ಏಳದ ಪ್ರಯಾಣಿಕ

ಗೋರೆಗಾಂವ್‌ನಲ್ಲಿ ಸಿನಿಮಾಗಳಿಗೆ ನಕಲಿ ತಲೆ, ಕೈಕಾಲು ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಮುಂಬೈ ವಿಮಾನ ನಿಲ್ದಾಣದಲ್ಲಿ ಕೆಲವು ವಾರ ಇಡಲು ಆಳೆತ್ತರದ ಪ್ರತಿಮೆಯೊಂದು ಬೇಕೆಂದಾಗ, ಕುಳಿತಲ್ಲೇ ನಿದ್ದೆ ಹೋದ ಪ್ರಯಾಣಿಕನನ್ನು ಆರಿಸಿಕೊಂಡೆ. ತೆರೆದ ಕಣ್ಣಿಗೆ ಎಂಥ ಗಾಜಿನ ಗುಡ್ಡೆ ಕೂರಿಸಿದರೂ ಎರಡನೇ ನೋಟಕ್ಕೆ ಗುಟ್ಟು ರಟ್ಟಾಗುತ್ತದೆ.

ಮಾಟುಂಗಾದಲ್ಲಿ ನೆಲೆಸಿರುವ, ಉಡುಪಿ ಕಡೆಯ ಹಿರಿಯ ಅಡುಗೆಯವರೊಬ್ಬರು ಮಾದರಿಯಾಗಿ ಕುಳಿತರು. ಮುಖ ಮತ್ತು ಕೈಗಳ ಅಚ್ಚನ್ನು ಆಲ್ಜಿನೇಟ್ ಎಂಬ, ಮೈಗೆ ಬಳಿದರೆ ಬೇಗ ಗಟ್ಟಿಯಾಗುವ ಲೇಪದಲ್ಲಿ ತೆಗೆದೆ. ಅದರ ಭಾರಕ್ಕೆ ಕೆನ್ನೆ ಜೋಲುವುದರಿಂದ ಜೇಡಿಮಣ್ಣಿನಲ್ಲಿ ಮತ್ತೆ ತಿದ್ದಲೇಬೇಕು. ಮೈಗೆ ಫೈಬರ್‌ಗ್ಲಾಸ್, ಹೊರಗೆ ಕಾಣುವ ಚರ್ಮಕ್ಕೆ ಸಿಲಿಕೋನ್. ಹುಬ್ಬಿನ ಕೂದಲನ್ನು ಸೂಜಿಯಿಂದ ಒಂದೊಂದಾಗಿ ನೆಟ್ಟೆ. ಬಣ್ಣವನ್ನು ನಿಲ್ದಾಣದಲ್ಲಿರುವಂಥ ಬಿಳಿ ಎಲ್‌ಇಡಿ ಬೆಳಕಿನಲ್ಲೇ ಮುಗಿಸಿದೆ. ಹಳದಿ ಬಲ್ಬಿನಡಿ ಜೀವ ತುಂಬಿದ ಚರ್ಮ ಅಲ್ಲಿ ಹೆಣದಂತೆ ಕಂಡೀತು. ಪಕ್ಕದ ಚೀಲವೇ ದೊಡ್ಡ ತಲೆನೋವು. ವಾರಸುದಾರರಿಲ್ಲದ ಚೀಲವೆಂದರೆ ಭದ್ರತೆಯವರು ಬಿಟ್ಟಾರೆಯೇ? ಅದನ್ನೂ ಫೈಬರ್‌ಗ್ಲಾಸ್‌ನಲ್ಲೇ ಎರಕ ಹೊಯ್ದು, ತಪಾಸಣೆ ಮಾಡಿಸಿ, ಬೆಂಚಿಗೆ ಬೋಲ್ಟ್ ಹಾಕಿದೆ.

ಈ ಬಗೆಯ ಕೆಲಸದಲ್ಲಿ ಹೆಸರಾದವರು ಅಮೆರಿಕದ ಡ್ವೇನ್ ಹ್ಯಾನ್ಸನ್ (1925–1996). ಒರ್ಲ್ಯಾಂಡೊ ವಿಮಾನ ನಿಲ್ದಾಣದಲ್ಲಿರುವ ಅವರ ದಣಿದ ಪ್ರಯಾಣಿಕ ಗಾಜಿನ ಪೆಟ್ಟಿಗೆಯೊಳಗಿದ್ದಾನೆ. ನನಗೆ ಗಾಜು ಬೇಡವಾಗಿತ್ತು. ಗಾಜು ಕಂಡೊಡನೆ ಜನ ಪ್ರೇಕ್ಷಕರಾಗಿಬಿಡುತ್ತಾರೆ. 2014ರಲ್ಲಿ ತೆರೆದ ನಮ್ಮ ಎರಡನೇ ಟರ್ಮಿನಲ್‌ನ 'ಜಯ ಹೇ' ಎಂಬ ಕಲಾಸಂಗ್ರಹದ ಗೋಡೆಗಳ ಮುಂದೆಯೂ ಹಾಗೆಯೇ: ಕಲೆಯೆಂದು ಗೊತ್ತಿರುವುದರಿಂದ ಮೊಬೈಲ್ ತಾನಾಗಿ ಮೇಲೇಳುತ್ತದೆ.

ದೂರದ ಕುರ್ಚಿಯಲ್ಲಿ ಕುಳಿತು ಗಮನಿಸುತ್ತಿದ್ದೆ. ಹೆಚ್ಚಿನವರು ತಿರುಗಿಯೂ ನೋಡಲಿಲ್ಲ. ನಿಲ್ದಾಣದಲ್ಲಿ ನಿದ್ದೆ ಮಾಡುವವರೇನು ಅಪರೂಪವೇ! ಈ ಕಡೆಗಣಿಕೆಯೇ ನನಗೆ ಸಿಕ್ಕ ದೊಡ್ಡ ಮೆಚ್ಚುಗೆ. ಅನುಮಾನ ಬಂದವರು ಮುಖಕ್ಕಿಂತ ಎದೆಯನ್ನು ನೋಡುತ್ತಿದ್ದರು, ಉಸಿರಾಡುತ್ತಿದೆಯೇ ಎಂದು. ಕಾಲು ತಾಕಿಸಿಕೊಂಡ ಹೆಂಗಸೊಬ್ಬರು ಥಟ್ಟನೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ವಿಷಯ ತಿಳಿದು ನಕ್ಕರು, ಹೋಗುವಾಗ ಮಾತ್ರ ಇನ್ನೊಮ್ಮೆ ಕೈಮುಗಿದರು. ನೆಲ ಒರೆಸುತ್ತಿದ್ದ ವಿಜಯಪುರದ ಹುಡುಗ ನನ್ನ ಕನ್ನಡ ಕೇಳಿ ಹತ್ತಿರ ಬಂದ: "ಅಣ್ಣ, ಆ ಅಜ್ಜನನ್ನು ಎಬ್ಬಿಸಲೇ? ವಿಮಾನ ತಪ್ಪೀತು." ಗೊಂಬೆಯೆಂದು ಹೇಳಿದ್ದಕ್ಕೆ ಅವನಿಗೆ ಸಿಟ್ಟೇ ಬಂತು. ಎರಡು ದಿನದಿಂದ ಅಜ್ಜನ ಕಾಲಿನ ಸುತ್ತ ಜೋಪಾನವಾಗಿ ಒರೆಸಿದ್ದನಂತೆ.

ಗುಟ್ಟು ತಿಳಿದವರೆಲ್ಲ ಮುಟ್ಟುತ್ತಿದ್ದರು, ಅದೂ ಮೂಗನ್ನೇ. ಸಿಲಿಕೋನ್ ಧೂಳನ್ನೂ ಜಿಡ್ಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ರಾತ್ರಿ ಸೋಪುನೀರಿನ ಬಟ್ಟೆಯಲ್ಲಿ ಒರೆಸಿ, ಹೊಳಪು ಅಡಗಲು ಪೌಡರ್ ಹಚ್ಚಬೇಕಾಗುತ್ತಿತ್ತು. ಆ ಕೆಲಸವನ್ನು ವಿಜಯಪುರದ ಹುಡುಗನೇ ಕೇಳಿ ವಹಿಸಿಕೊಂಡ.