ಮೊದಲ ಶಿಬಿರದಲ್ಲಿ ಯಾರೂ ಬೇಡ ಎನ್ನಲಿಲ್ಲ

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಬುಡಕಟ್ಟು ಜನರ ಹಾಡಿಯೊಂದರಲ್ಲಿ ನಾವು ನಡೆಸಿದ ಮೊದಲ ಶಿಬಿರ ಮಧ್ಯಾಹ್ನದೊಳಗೇ ಮುಗಿದಿತ್ತು. ಅಂಗನವಾಡಿಯ ಜಗುಲಿಯಲ್ಲಿ ಮೇಜು ಹಾಕಿದೆವು, ಹಾಡಿಯ ಯಜಮಾನರು ಒಂದು ಮಾತು ಹೇಳಿದರು, ಜನ ಸಾಲಾಗಿ ಬಂದು ತೋಳು ಚಾಚಿದರು. ಒಬ್ಬೊಬ್ಬರಿಂದ ಒಂದು ಚಮಚದಷ್ಟು, ಅಂದರೆ 5 ಮಿಲಿಲೀಟರ್ ರಕ್ತ. ಆರು ಪುಟದ ಒಪ್ಪಿಗೆ ಪತ್ರವನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡೆವು. ಒಬ್ಬರೂ ಬೇಡ ಎನ್ನಲಿಲ್ಲ. ಹಿಂತಿರುಗುವಾಗ ಜೀಪಿನಲ್ಲಿ ಕುಳಿತು ನಾನು ಹೆಮ್ಮೆಪಟ್ಟಿದ್ದೆ. ಇಂದು ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಇಡೀ ಹಾಡಿಯಲ್ಲಿ ಒಬ್ಬರೂ ಬೇಡ ಎನ್ನಲಿಲ್ಲವೆಂದರೆ, ಬೇಡ ಎನ್ನುವುದಕ್ಕೆ ನಾವು ಎಡೆಯನ್ನೇ ಬಿಟ್ಟಿರಲಿಲ್ಲ.

ನಾನು ವಂಶವಾಹಿ ಅಧ್ಯಯನ ತಂಡದಲ್ಲಿ ಕ್ಷೇತ್ರ ಸಂಶೋಧಕಿ. ಸಿಕಲ್ ಸೆಲ್ ರಕ್ತಹೀನತೆ ನಮ್ಮ ವಿಷಯ. ಈ ರೋಗದಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ತಡೆಯಲಾರದ ನೋವು ಕೊಡುತ್ತವೆ. ನೀಲಗಿರಿಯ ಬುಡಕಟ್ಟು ಜನರಲ್ಲಿ ಇದನ್ನು 1952ರಲ್ಲೇ ವಿಜ್ಞಾನಿಗಳು ಗುರುತಿಸಿದ್ದರು. ನೀಲಗಿರಿ ಈ ಹಾಡಿಗಳಿಗೆ ದೂರವೇನಲ್ಲ. ಆದರೆ ಏಳು ದಶಕಗಳ ನಂತರ ನಾನು ಹೋದಾಗ ಅಲ್ಲಿ ಆ ರೋಗದ ಹೆಸರು ಕೇಳಿದವರಿರಲಿಲ್ಲ. ಮಕ್ಕಳ ಕೈಕಾಲು ನೋವು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಮರುವರ್ಷ ಮತ್ತೆ ಹೋದಾಗ ಒಬ್ಬ ಅಜ್ಜಿ ನನ್ನನ್ನು ತಡೆದು ನಿಲ್ಲಿಸಿದರು. “ಹೋದ ವರ್ಷ ಕೊಟ್ಟ ರಕ್ತ ಈಗ ಎಲ್ಲಿದೆ, ತಾಯಿ?” ಬೆಂಗಳೂರಿನಲ್ಲಿ, ಮೈನಸ್ 80 ಡಿಗ್ರಿಯ ಪೆಟ್ಟಿಗೆಯಲ್ಲಿ ಇದೆ ಎಂದೆ. “ಇನ್ನೂ ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಬೇರೆ ಯಾರಿಗಾದರೂ ಕೊಡುತ್ತೀರಾ?” ಉತ್ತರ ನಾಲ್ಕನೆಯ ಪುಟದಲ್ಲಿತ್ತು. ಆ ಪುಟವನ್ನು ನಾನೇ ಅವರಿಗೆ ಓದಿ ಹೇಳಿದ್ದೆ. ಆದರೂ ನನ್ನ ಬಾಯಿಂದ ಮಾತು ಬರಲಿಲ್ಲ. ಅವರೇ ಮುಂದುವರಿಸಿದರು: “ಹೆಬ್ಬೆಟ್ಟು ಒತ್ತಿದ ಮೇಲೆಯೇ ನಾವು ಕಾಡು ಬಿಟ್ಟು ಬಂದದ್ದು.” ಕಬಿನಿ ಅಣೆಕಟ್ಟು, ಆಮೇಲೆ ನಾಗರಹೊಳೆಯ ರಾಷ್ಟ್ರೀಯ ಉದ್ಯಾನ: ಎರಡಕ್ಕೂ ಜಾಗ ಬಿಟ್ಟುಕೊಟ್ಟ ಈ ಜನರ ನೆನಪಿನಲ್ಲಿ ಕಾಗದ ಮತ್ತು ಮಸಿ ಎಂದರೆ ಏನು ಎಂಬುದನ್ನು ನಾವು ಯೋಚಿಸಿಯೇ ಇರಲಿಲ್ಲ.

ಅಲ್ಲಿಂದ ಕೆಲಸವನ್ನು ಮೊದಲಿನಿಂದ ಕಟ್ಟಿದೆವು. ಮೊದಲ ಎರಡು ಭೇಟಿಗಳಲ್ಲಿ ಸೂಜಿಯನ್ನೇ ಒಯ್ಯುವುದಿಲ್ಲ. ಜೇನು ಕೀಳುವ ತಿಂಗಳುಗಳಲ್ಲಿ ಹೋಗುವುದೇ ಇಲ್ಲ, ಗಂಡಸರು ಊರಲ್ಲಿರುವುದಿಲ್ಲ. ಯಜಮಾನರ ಮಾತನ್ನು ಕೇಳುತ್ತೇವೆ, ಆದರೆ ಅದನ್ನು ಎಲ್ಲರ ಒಪ್ಪಿಗೆ ಎಂದು ಬರೆದುಕೊಳ್ಳುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಸಮುದಾಯ ಒಪ್ಪಿದರೂ ಪ್ರತಿಯೊಬ್ಬರ ಒಪ್ಪಿಗೆ ಬೇರೆಯಾಗಿಯೇ ಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಓದುಬಲ್ಲ, ಪಕ್ಷಪಾತವಿಲ್ಲದ ಸಾಕ್ಷಿ ಇರಬೇಕು ಎಂಬ ನಿಯಮವೂ ಅದರಲ್ಲಿದೆ. ಮೊದಲ ಶಿಬಿರದಲ್ಲಿ ನಮ್ಮ ಸಾಕ್ಷಿ ಶಾಲೆಯ ಮೇಷ್ಟರು. ನಿಯಮ ಪಾಲಿಸಿದ್ದೆವು ನಿಜ, ಆದರೆ ಮಗನ ಮೇಷ್ಟರ ಎದುರಿಗೆ ಯಾವ ತಾಯಿ ಆಗುವುದಿಲ್ಲ ಎಂದಾಳು? ಈಗ ಬೇರೆ ಹಾಡಿಯ ಓದಿದ ಹುಡುಗ ಅಥವಾ ಹುಡುಗಿ ಸಾಕ್ಷಿಯಾಗಿ ಬರುತ್ತಾರೆ. ಕೇಳಿದ ದಿನವೇ ರಕ್ತ ತೆಗೆಯುವುದಿಲ್ಲ. ನಡುವೆ ಕನಿಷ್ಠ ಒಂದು ರಾತ್ರಿ ಬಿಡುತ್ತೇವೆ. ಆ ಒಂದು ರಾತ್ರಿಯಿಂದಲೇ ಬೇಡ ಎನ್ನುವವರು ಕಾಣಿಸಿಕೊಂಡರು.

ವಿವರಿಸುವ ಬಗೆಯೂ ಬದಲಾಯಿತು. ವಾಹಕರಾದ, ಅಂದರೆ ಕಾಯಿಲೆಯ ವಂಶವಾಹಿಯ ಒಂದೇ ಪ್ರತಿ ಇರುವ, ಗಂಡಹೆಂಡಿರಿಗೆ ಅವರೆಕಾಳು, ಹುರುಳಿಕಾಳು ಒಂದೊಂದನ್ನು ಕೈಗೆ ಕೊಟ್ಟು, ಕಣ್ಣು ಮುಚ್ಚಿ ಒಂದೊಂದು ಕಾಳು ಮುಂದಿಡಲು ಹೇಳುತ್ತೇವೆ. ಹುರುಳಿ ಎಂದರೆ ಕಾಯಿಲೆಯ ವಂಶವಾಹಿ. ಎರಡೂ ಹುರುಳಿ ಬಿದ್ದರೆ ಮಗುವಿಗೆ ಕಾಯಿಲೆ. ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಒಬ್ಬ ಯುವಕ ಕೇಳಿದ: “ಮೂರು ಮಕ್ಕಳು ಚೆನ್ನಾಗಿದ್ದಾರೆ. ಹಾಗಾದರೆ ನಾಲ್ಕನೆಯದಕ್ಕೆ ಬಂದೇ ಬರುತ್ತದೆಯೇ?” ಕಾಳುಗಳನ್ನು ಮತ್ತೆ ಕೈಗೆ ಕೊಟ್ಟು, ಪ್ರತಿ ಬಸಿರಿಗೂ ಲೆಕ್ಕ ಹೊಸದಾಗಿಯೇ ಆರಂಭವಾಗುತ್ತದೆ ಎಂದು ತೋರಿಸಲು ಇಡೀ ಸಂಜೆ ಬೇಕಾಯಿತು. ಆ ಸಂಜೆ ನನಗೆ ದಕ್ಕಿದ್ದು ದೊಡ್ಡದು. ಅವನ ಪ್ರಶ್ನೆಯನ್ನು ಮುಂದೆ ಎಲ್ಲ ಹಾಡಿಗಳಲ್ಲೂ ನಾನೇ ಮೊದಲು ಎತ್ತುತ್ತೇನೆ.

ಹಾಡಿಯವರಿಗೆ ಹವಾಸುಪಾಯಿ ಜನರ ಕಥೆಯನ್ನೂ ಹೇಳುತ್ತೇನೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಈ ಬುಡಕಟ್ಟು ಸಕ್ಕರೆ ಕಾಯಿಲೆಯ ಅಧ್ಯಯನವೆಂದು ನಂಬಿ 1990ರಿಂದ ರಕ್ತ ಕೊಟ್ಟಿತು. ಅದೇ ರಕ್ತವನ್ನು ಮನೋರೋಗ, ಒಳಸಂಬಂಧದ ಮದುವೆ, ಪೂರ್ವಜರ ವಲಸೆ ಮುಂತಾದ ವಿಷಯಗಳಿಗೂ ಬಳಸಲಾಯಿತು. ತಾವು ಇದೇ ಕಣಿವೆಯಲ್ಲಿ ಹುಟ್ಟಿದವರು ಎಂದು ನಂಬಿದವರಿಗೆ, ನೀವು ಬೇರೆಲ್ಲಿಂದಲೋ ಬಂದವರು ಎಂದು ಅವರದೇ ರಕ್ತದಿಂದ ಹೇಳಿದಂತಾಯಿತು. ಅವರು ನ್ಯಾಯಾಲಯಕ್ಕೆ ಹೋದರು. 2010ರಲ್ಲಿ ರಾಜಿಯಾಗಿ, 7 ಲಕ್ಷ ಡಾಲರ್ ಪರಿಹಾರದೊಂದಿಗೆ ಉಳಿದ ರಕ್ತವನ್ನೂ ಹಿಂದಕ್ಕೆ ಪಡೆದರು. ಇದನ್ನು ಕೇಳಿ ಹಾಡಿ ಸುಮ್ಮನಾಯಿತು. ಹಣದ ಬಗ್ಗೆ ಯಾರೂ ಕೇಳಲಿಲ್ಲ. ರಕ್ತ ಊರಿಗೆ ಬಂದ ದಿನದ ಬಗ್ಗೆ ಕೇಳಿದರು.

ಆ ಕಥೆಯಿಂದಾಗಿ ನಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಾದವು: ಸಿಕಲ್ ಸೆಲ್ ಪರೀಕ್ಷೆಗೆ ಮಾತ್ರವೇ, ಬೇರೆ ರೋಗಗಳಿಗೂ ಸರಿಯೇ, ಬೇರೆ ಸಂಸ್ಥೆಯವರಿಗೆ ಕೊಡಬಹುದೇ. ಹಿಂದಕ್ಕೆ ಪಡೆಯುವ ಹಕ್ಕಿದೆ ಎನ್ನುವಾಗ ಅದರ ಮಿತಿಯನ್ನೂ ಹೇಳುತ್ತೇವೆ: ಟ್ಯೂಬನ್ನು ನಾಶಮಾಡಬಹುದು, ಆದರೆ ಪ್ರಕಟವಾದ ಲೆಕ್ಕದಿಂದ ಒಬ್ಬರನ್ನು ಬಿಡಿಸಿ ತೆಗೆಯಲಾಗದು. ತಂದೆ ಯಾರು ಎಂಬಂಥ ಸಂಗತಿ ಆಕಸ್ಮಿಕವಾಗಿ ಕಂಡರೂ ಹೇಳುವುದಿಲ್ಲ, ಬರೆದಿಡುವುದಿಲ್ಲ ಎಂದು ಮೊದಲೇ ಮಾತು ಕೊಡುತ್ತೇವೆ.

ಫಲಿತಾಂಶ ಕೊಡುವುದು ಇದೆಲ್ಲಕ್ಕಿಂತ ಸೂಕ್ಷ್ಮ. ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ಆದರೂ ಆ ಒಂದು ಪದ ಹುಡುಗಿಯ ಮದುವೆಯನ್ನು ತಪ್ಪಿಸಬಲ್ಲದು. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಆರಂಭಿಸಿದ ಸಿಕಲ್ ಸೆಲ್ ಅಭಿಯಾನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತ್ತು. ಅಷ್ಟು ಜನರಿಗೆ ಚೀಟಿ ಕೊಡುವಾಗ ಯಾರ ಎದುರಿಗೆ ಕೊಡುತ್ತಾರೆ ಎಂಬುದು ನನ್ನನ್ನು ಕಾಡುತ್ತದೆ. ನಾವು ಎಲ್ಲರ ಮನೆಗೂ ಒಂದೇ ಬಗೆಯ ಲಕೋಟೆ ಒಯ್ಯುತ್ತೇವೆ. ಪರೀಕ್ಷೆಗೆ ಒಪ್ಪದವರ ಮನೆಗೂ ಹೋಗಿ ಅಷ್ಟೇ ಹೊತ್ತು ಕೂರುತ್ತೇವೆ. ಯಾರ ಮನೆಯಲ್ಲಿ ಏನಿದೆ ಎಂದು ನಮ್ಮ ನಡಿಗೆಯಿಂದ ಊರಿಗೆ ತಿಳಿಯಬಾರದು. ಪ್ರಬಂಧದಲ್ಲಿ ಹಾಡಿಯ ಹೆಸರೂ ಇಲ್ಲ. ನಲವತ್ತು ಮನೆಯ ಊರಿನಲ್ಲಿ ಸಂಕೇತಸಂಖ್ಯೆ ಯಾರನ್ನೂ ಮರೆಮಾಡುವುದಿಲ್ಲ.

ಆ ಅಜ್ಜಿ ಮೂರನೆಯ ವರ್ಷ ತಮ್ಮ ರಕ್ತವನ್ನು ಹಿಂದಕ್ಕೆ ಪಡೆಯುತ್ತೇನೆ ಎಂದರು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪ್ರಯೋಗಾಲಯದಲ್ಲಿ ಟ್ಯೂಬನ್ನು ನಾಶಮಾಡಿಸಿ, ಅದರ ಸಂಖ್ಯೆ ಬರೆದ ಪತ್ರವನ್ನು ಅವರ ಮನೆಗೆ ಒಯ್ದೆ. ಅವರು ತಗಡಿನ ಡಬ್ಬಿ ತೆರೆದು, ಮೊದಲ ಶಿಬಿರದಲ್ಲಿ ಕೊಟ್ಟಿದ್ದ ಚೀಟಿಯನ್ನು ಹೊರತೆಗೆದರು. ಓದು ಬಾರದಿದ್ದರೂ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು, ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಹೋಲಿಸಿ ನೋಡಿದರು. ಎರಡನ್ನೂ ಮಡಚಿ ಡಬ್ಬಿಯಲ್ಲಿಟ್ಟು ಮುಚ್ಚಿದರು. ಆಮೇಲೆ ನನಗೆ ಕೂರಲು ಚಾಪೆ ಹಾಸಿದರು.